ಕಣದ ಶಿಬಿರಕ್ಕೆ ಮೂವತ್ತೊಂದು ಸಾಕ್ಷಿ

ಕೊಯಮತ್ತೂರಿನ ಹತ್ತಿರದ ತೊಂಡಾಮುತ್ತೂರಿನ ದೊರೈಸಾಮಿಗೆ ಯಾರ ಹಂಗಿನಲ್ಲಿ ಇರುವುದೂ ಆಗದು. ಪಕ್ಕದ ಮನೆಯಿಂದ ಒಂದು ಬಟ್ಟಲು ಸಾರು ಬಂತೆಂದರೆ ಆ ಬಟ್ಟಲು ಖಾಲಿಯಾಗಿ ವಾಪಸು ಹೋದದ್ದಿಲ್ಲ. ಒಂದು ಹಿಡಿ ಸಣ್ಣ ಈರುಳ್ಳಿಯಾದರೂ ಅದರೊಳಗೆ ಕೂತು ಹೋಗಬೇಕು. ಇಂಥ ಮನುಷ್ಯನ ತಲೆಯ ಮೇಲೆ ಇಪ್ಪತ್ತೆರಡು ವರ್ಷಗಳಿಂದ ಒಂದು ಋಣ ತೀರದೆ ಕೂತಿತ್ತು. ಅದು ಲೀಲಮ್ಮ ಟೀಚರ ಋಣ. ಈರುಳ್ಳಿ ಕೊಟ್ಟರೆ ಆಕೆ ಅದನ್ನು ತಾವು ನಡೆಸುವ ಬೇಸಿಗೆಯ ಕನ್ನಡ ಶಿಬಿರದ ಅಡುಗೆಗೇ ಹಾಕಿಸುತ್ತಿದ್ದರು. ಎಳನೀರು ಕೊಟ್ಟರೆ ಮಕ್ಕಳಿಗೆ ಹಂಚುತ್ತಿದ್ದರು. ಒಂದು ದೀಪಾವಳಿಗೆ ಸೀರೆ ಒಯ್ದು ಕೊಟ್ಟ. ಅದು ಮುಂದಿನ ಬೇಸಿಗೆಯಲ್ಲಿ ಶಿಬಿರದ ನಾಟಕಕ್ಕೆ ಪರದೆಯಾಗಿ ನೇತಾಡುತ್ತಿತ್ತು.

ಆ ಋಣ ಹುಟ್ಟಿದ ಕಥೆ ಹೇಳಿದರೆ ನಗು ಬರುತ್ತದೆ. ದೊರೈಸಾಮಿಯ ಮನೆತನ ಕನ್ನಡದ್ದು. ಯಾವ ಕಾಲದಲ್ಲಿ ಘಟ್ಟ ಇಳಿದು ಬಂದರೋ ಅವನಿಗೂ ಗೊತ್ತಿಲ್ಲ, ಅವನ ಅಪ್ಪನಿಗೂ ಗೊತ್ತಿರಲಿಲ್ಲ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಅಜ್ಜ ಒಬ್ಬನೇ ಕನ್ನಡ ಬರೆಯಬಲ್ಲವನಾಗಿದ್ದ, ಅವನು ಬರೆದಿಟ್ಟ ಒಂದು ದಪ್ಪ ಪುಸ್ತಕ ದೇವರ ಗೂಡಿನಲ್ಲಿತ್ತು. ಅಜ್ಜ ಹೋದ ಮೇಲೆ ಅದನ್ನು ಓದುವವರು ಯಾರೂ ಇಲ್ಲ. ಆದರೂ ಪ್ರತಿ ಸರಸ್ವತಿ ಪೂಜೆಗೆ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಮನೆಮಂದಿಯೆಲ್ಲ ಅಡ್ಡಬೀಳುತ್ತಿದ್ದರು. ಮಂತ್ರದ ಪುಸ್ತಕ ಎಂದು ಕೆಲವರು, ಮಾದೇಶ್ವರನ ಕಥೆ ಎಂದು ಕೆಲವರು.

ಲೀಲಮ್ಮನ ಗಂಡ ಕೊಯಮತ್ತೂರಿನಲ್ಲಿ ಬೆಳೆ ರೋಗಗಳ ವಿಜ್ಞಾನಿ. ದೊರೈಸಾಮಿಯ ಹೊಲದ ಈರುಳ್ಳಿಗೆ ಬಂದ ಕೊಳೆರೋಗ ನೋಡಲು ಬಂದವರು, ರಜೆ ಇದ್ದುದರಿಂದ ಹೆಂಡತಿಯನ್ನೂ ಕರೆತಂದಿದ್ದರು. ಅವತ್ತು ಸರಸ್ವತಿ ಪೂಜೆ. ಮೈಸೂರಿನ ಶಾಲೆಯಲ್ಲಿ ಹತ್ತು ವರ್ಷ ಪಾಠ ಹೇಳಿ ಬಂದ ಹೆಂಗಸು, ಹೂವಿನಡಿಯಲ್ಲಿ ಕನ್ನಡ ಅಕ್ಷರ ಕಂಡ ಕೂಡಲೇ, ಮನೆಯವರ ಅಪ್ಪಣೆ ಕೇಳಿ, ಪುಸ್ತಕ ಬಿಚ್ಚಿದರು. ಮೊದಲ ಪುಟದಲ್ಲಿ ಎತ್ತಿನ ಕೆಮ್ಮಿಗೆ ಔಷಧಿ. ಎರಡನೆಯದರಲ್ಲಿ ಕರು ಹಾಕಿದ ಹಸುವಿನ ಮಾಸು ಬೀಳದಿದ್ದರೆ ಏನು ಮಾಡಬೇಕು. ಮುಂದೆ ಕುರಿಯ ಭೇದಿ. ಕೊನೆಯ ಪುಟದ ತನಕ ದನದ ವೈದ್ಯ! ನಲವತ್ತು ವರ್ಷ ಇವರು ಕುರಿಯ ಭೇದಿಗೆ ಅಡ್ಡಬಿದ್ದಿದ್ದರು.

ದೊರೈಸಾಮಿಯ ಹೆಂಡತಿ ಲಕ್ಷ್ಮಿಯಮ್ಮಾಳ್ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ದೊರೈಸಾಮಿಗೆ ನಗು ಬರಲಿಲ್ಲ. ಅದೇ ವರ್ಷ ಅವನ ಒಂದು ಎತ್ತು ಕೆಮ್ಮಿ ಕೆಮ್ಮಿ ಸತ್ತಿತ್ತು. ಔಷಧಿ ಮನೆಯಲ್ಲೇ ಇತ್ತು, ಹೂವಿನ ಕೆಳಗೆ.

"ಟೀಚರಮ್ಮ, ನಂಗೆ ಈ ಎಳುತ್ತು ಹೇಳ್ಕೊಡ್ತೀರಾ?" ಎಂದು ಕೇಳಿದ. ಎಳುತ್ತು ಎಂದರೆ ಅಕ್ಷರ ಎಂದು ಲೀಲಮ್ಮನಿಗೆ ಅಷ್ಟು ಹೊತ್ತಿಗೆ ತಿಳಿದಿತ್ತು. "ನಿಮಗೊಬ್ಬರಿಗೆ ಯಾಕೆ? ನಿಮ್ಮ ಜನರ ಮಕ್ಕಳನ್ನೆಲ್ಲ ಬೇಸಿಗೆ ರಜೆಯಲ್ಲಿ ಸೇರಿಸಿ, ಬರ್ತೀನಿ," ಎಂದರು ಲೀಲಮ್ಮ.

ಹಾಗೆ ೧೯೮೬ರ ಮೇ ತಿಂಗಳಲ್ಲಿ ದೊರೈಸಾಮಿಯ ಕಣದ ಪಕ್ಕದ ಹೆಂಚಿನ ಶೆಡ್ಡಿನಲ್ಲಿ ಶಿಬಿರ ಶುರುವಾಯಿತು. ಹನ್ನೊಂದು ಮಕ್ಕಳು; ಹಿಂದಿನ ಸಾಲಿನಲ್ಲಿ ಮೀಸೆ ಹೊತ್ತ ಮೂವತ್ತೆಂಟು ವರ್ಷದ ಹನ್ನೆರಡನೆಯ ವಿದ್ಯಾರ್ಥಿ. ಮಕ್ಕಳು ಹತ್ತು ದಿನಕ್ಕೆ ಕಲಿತದ್ದನ್ನು ಅವನು ಎರಡು ಬೇಸಿಗೆ ತೆಗೆದುಕೊಂಡು ಕಲಿತ. ಓದು ಬಂತು; ಬರೆಯುವುದು ಮಾತ್ರ ಹೆಸರಿನಾಚೆಗೆ ಹೋಗಲಿಲ್ಲ. ಆಮೇಲೆ ಪ್ರತಿ ಮೇ ತಿಂಗಳೂ ಕುನ್ನತ್ತೂರಿನಿಂದ, ತಿರುಪ್ಪೂರಿನಿಂದ ಮಕ್ಕಳು ಚೀಲ ಹೊತ್ತು ಬಸ್ಸಿಳಿಯುವರು. ದೂರದವರು ಇವರ ಮನೆಯಲ್ಲೇ ಉಳಿಯುವರು. ಬೆಳಿಗ್ಗೆ ಅಕ್ಷರ, ಮಧ್ಯಾಹ್ನ ನಿದ್ದೆ, ಸಂಜೆ ಹಾಡು, ನಾಟಕ. ಲಕ್ಷ್ಮಿಯಮ್ಮಾಳ್ ಸಜ್ಜೆ ಅಂಬಲಿ ಕಾಸುವಳು, ಲೀಲಮ್ಮ ಪಾಠ ಹೇಳುವರು, ದೊರೈಸಾಮಿ ಉಳಿದದ್ದೆಲ್ಲ ಮಾಡುವನು.

೨೦೦೮ರಲ್ಲಿ ಲೀಲಮ್ಮ, "ಇದು ನನ್ನ ಕೊನೇ ಬೇಸಿಗೆ," ಎಂದರು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು, ಮಂಡಿ ನೋವು ಬಸ್ಸು ಹತ್ತಲು ಬಿಡುತ್ತಿರಲಿಲ್ಲ. ಜೂನ್‌ನಲ್ಲಿ ಮೈಸೂರಿಗೆ, ತಂಗಿಯ ಮನೆಗೆ ಹೊರಟಿದ್ದರು. ಮುಂದಿನ ವರ್ಷದಿಂದ ಪಾಠ ಮಲ್ಲಿಗಾ ಹೇಳುವಳೆಂದು ಗೊತ್ತಾಗಿತ್ತು. ಹಳೆಯ ಶಿಬಿರದ ಹುಡುಗಿಯೇ ಅವಳು, ಈಗ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಚೆಕಿಂಗ್ ವಿಭಾಗದ ಮೇಲ್ವಿಚಾರಕಿ. ಶಿಬಿರದ ಚಿಂತೆ ದೊರೈಸಾಮಿಗಿರಲಿಲ್ಲ. ಅವನ ಚಿಂತೆ ಒಂದೇ: ಈಕೆ ಬರಿಗೈಯಲ್ಲಿ ಹೊರಟುಬಿಡುತ್ತಾರೆ.

ದಾರಿ ತೋರಿಸಿದವನು ಮಹೇಶ. ದಾವಣಗೆರೆಯವನು, ಕೊಯಮತ್ತೂರಿನ ಪಂಪ್ ಕಾರ್ಖಾನೆಯೊಂದರಲ್ಲಿ ಎಂಜಿನಿಯರು, ಭಾನುವಾರಗಳಲ್ಲಿ ಬಂದು ಶಿಬಿರದ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದ. ಬಿಡುವಿನಲ್ಲಿ ಇಂಟರ್ನೆಟ್ಟಿನ ಕನ್ನಡ ವಿಶ್ವಕೋಶಕ್ಕೆ ಕೆರೆ, ಕೋಟೆ, ಹಕ್ಕಿಗಳ ಮೇಲೆ ಲೇಖನ ಬರೆಯುವ ಹುಚ್ಚು ಅವನಿಗೆ.

"ಟೀಚರ್ ಬಗ್ಗೆ, ಶಿಬಿರದ ಬಗ್ಗೆ ಅದರಲ್ಲಿ ಒಂದು ಪುಟ ಹಾಕೋಣ ಅಣ್ಣ," ಎಂದ.

"ಅದು ಎಷ್ಟು ದಿನ ಇರ್ತದೆ ತಂಬಿ?"

"ಯಾವಾಗಲೂ ಇರುತ್ತೆ. ಜಗತ್ತಿನಲ್ಲಿ ಯಾರು ಬೇಕಾದ್ರೂ ಓದಬಹುದು, ಯಾರು ಬೇಕಾದ್ರೂ ಬರೀಬಹುದು."

ಯಾರು ಬೇಕಾದರೂ ಅಳಿಸಲೂಬಹುದು ಎಂಬ ಮೂರನೆಯದನ್ನು ಮಹೇಶ ಹೇಳಲಿಲ್ಲ, ಇವನು ಕೇಳಲಿಲ್ಲ. ಎಂಟು ಸಾಲಿನ ಪುಟ ಸಿದ್ಧವಾಯಿತು. ಮಹೇಶ ತನ್ನ ಲ್ಯಾಪ್‌ಟಾಪಿನಲ್ಲಿ ತೋರಿಸಿದಾಗ ದೊರೈಸಾಮಿ ಕಣ್ಣು ಕಿರಿದು ಮಾಡಿ, ಒಂದೊಂದೇ ಅಕ್ಷರ ಕೂಡಿಸಿ, ಎಂಟೂ ಸಾಲು ಓದಿದ. "ಲೀಲಮ್ಮ ಎಂಬ ಶಿಕ್ಷಕಿ" ಎಂಬಲ್ಲಿಗೆ ಬಂದಾಗ ಆ ಸಾಲನ್ನು ಮತ್ತೊಮ್ಮೆ ಓದಿದ. ಶಿಬಿರದ ಕೊನೆಯ ದಿನ, ಮೇ ಮೂವತ್ತೊಂದರ ಶನಿವಾರ, ಎಲ್ಲರೆದುರು ಅದನ್ನು ಟೀಚರಿಗೆ ತೋರಿಸುವುದೆಂದು ನಿಶ್ಚಯವಾಯಿತು. ಗುಟ್ಟಾಗಿರಲಿ ಎಂದು ದೊರೈಸಾಮಿಯೇ ಹೇಳಿ, ಅವನೇ ಎಲ್ಲರಿಗೂ ಹೇಳಿಕೊಂಡು ಬಂದ, ಟೀಚರೊಬ್ಬರಿಗೆ ಬಿಟ್ಟು.

ಕೊನೆಯ ದಿನಕ್ಕೆ ಎಂಟು ದಿನವಿರುವಾಗ, ಶುಕ್ರವಾರ, ಮಹೇಶ ಫೋನು ಮಾಡಿದ. ತಮ್ಮನ ಮದುವೆಗೆಂದು ಊರಿಗೆ ಹೊರಟಿದ್ದ, ಬಸ್ ಸ್ಟ್ಯಾಂಡಿನ ಗಲಾಟೆಯಲ್ಲಿ ಕೂಗಿ ಮಾತಾಡುತ್ತಿದ್ದ. "ಅಣ್ಣ, ಪುಟದ ಮೇಲೆ ಒಂದು ಫಲಕ ಹಾಕಿದ್ದಾರೆ. ಈ ಶಿಬಿರಕ್ಕೆ ವಿಶ್ವಕೋಶದಲ್ಲಿ ಜಾಗ ಇರೋವಷ್ಟು ಮಹತ್ವ ಇದೆಯಾ ಅಂತ ಏಳು ದಿನ ಚರ್ಚೆ ಮಾಡ್ತಾರೆ. ಆಮೇಲೆ ತೀರ್ಮಾನ. ನಾನು ಬುಧವಾರ ಬರ್ತೀನಿ, ಅಲ್ಲಿವರೆಗೆ ಏನೂ ಮಾಡಬೇಡಿ. ಅಭಿಪ್ರಾಯ ಯಾರು ಬೇಕಾದ್ರೂ ಹೇಳಬಹುದು, ಆದ್ರೆ—"

ಬಸ್ಸು ಹೊರಟಿತು, ಫೋನು ಕಟ್ಟಾಯಿತು. ದೊರೈಸಾಮಿಯ ಕಿವಿಗೆ ಬಿದ್ದದ್ದು ಇಷ್ಟು: ಶಿಬಿರ ಇಲ್ಲವೆಂದು ಯಾರೋ ವ್ಯಾಜ್ಯ ಹೂಡಿದ್ದಾರೆ, ಸಾಕ್ಷಿ ಹೇಳಲು ಏಳು ದಿನ ಗಡುವು.

ವ್ಯಾಜ್ಯವೆಂದರೆ ಅವನಿಗೆ ಹೊಸದಲ್ಲ. ಕಾಲುವೆ ನೀರಿಗೋ ಬದುವಿಗೋ ತಕರಾರು ಬಂದರೆ ಅವರ ಕಡೆ ಒಂದೇ ಪದ್ಧತಿ: ನಿನ್ನ ಕಡೆಯವರನ್ನೆಲ್ಲ ಕರೆದುಕೊಂಡು ಬಾ, ಒಬ್ಬೊಬ್ಬರೂ ಎದ್ದು ನಿಂತು ಕಂಡದ್ದು ಹೇಳಲಿ. ತಲೆ ಎಷ್ಟೋ ಸತ್ಯ ಅಷ್ಟು. ಅವನು ಮಲ್ಲಿಗಾಳಿಗೆ ಫೋನು ಮಾಡಿದ. ಭಾನುವಾರ ಬನಿಯನ್ ಕಂಪನಿಗಳಿಗೆ ರಜೆ. ಹತ್ತು ಗಂಟೆಗೆ ತಿರುಪ್ಪೂರಿನ ಹಳೆಯ ಬಸ್ ಸ್ಟ್ಯಾಂಡಿನ ಹಿಂದಿನ ಬ್ರೌಸಿಂಗ್ ಸೆಂಟರಿನ ಮೆಟ್ಟಿಲ ಮೇಲೆ ಹಳೆಯ ಶಿಬಿರದ ಮಕ್ಕಳು ಮೂವತ್ತೊಂದು ಜನ ಬಂದು ನಿಂತಿದ್ದರು. ಮಕ್ಕಳು ಎಂದರೆ ಕಟಿಂಗ್ ಮಾಸ್ಟರರು, ಟೈಲರರು, ಬಾಣಂತಿಯರು, ಇಬ್ಬರು ಲಾರಿ ಡ್ರೈವರರು.

ಕನ್ನಡ ಮೂಡುವ ಕಂಪ್ಯೂಟರು ಅಲ್ಲಿದ್ದದ್ದು ಒಂದೇ. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡವಾಗುವ ಆ ಯಂತ್ರದೆದುರು ಒಬ್ಬೊಬ್ಬರಾಗಿ ಕೂತು ಬೆವರಿದರು. ಸೆಲ್ಲಪ್ಪನ್ ಮುಕ್ಕಾಲು ಗಂಟೆ ತೆಗೆದುಕೊಂಡು ಬರೆದ: "ನಾನು ಸೆಲ್ಲಪ್ಪನ್. ಈ ಕ್ಯಾಂಪು ಇದೆ. ನಾನು ಮೂರು ವರ್ಷ ಹೋಗಿದೀನಿ. ಊಟ ಚೆನ್ನಾಗಿತ್ತು." ಶಿವಗಾಮಿ ಬರೆದಳು: "ನನ್ನ ಅಕ್ಕನನ್ನು ಚಾಮರಾಜನಗರಕ್ಕೆ ಕೊಟ್ಟಿದೆ. ಅವಳ ಕಾಗದ ಬಂದರೆ ನಮ್ಮ ಬೀದಿಯಲ್ಲಿ ಓದುವವಳು ನಾನೊಬ್ಬಳೇ. ಟೀಚರ್ ಇಲ್ಲದಿದ್ದರೆ ಅಕ್ಕ ಅತ್ತದ್ದೂ ನಮಗೆ ಗೊತ್ತಾಗುತ್ತಿರಲಿಲ್ಲ." ದೊರೈಸಾಮಿ ಮದುವೆ ಮನೆಯ ಯಜಮಾನನ ಹಾಗೆ ಟೀ ತರಿಸುತ್ತ, ಸಾಲು ಸರಿಪಡಿಸುತ್ತ ಓಡಾಡಿದ. ಸಂಜೆ ಆರಕ್ಕೆ ಮೂವತ್ತೊಂದನೆಯ ಸಾಕ್ಷಿ ಮುಗಿಯಿತು. ಇನ್ನು ಯಾರು ಇಲ್ಲ ಅನ್ನುತ್ತಾರೋ ಅನ್ನಲಿ ಎಂದು ಅವನು ಬಸ್ಸಿನಲ್ಲಿ ನಿದ್ದೆ ಹೊಡೆದುಕೊಂಡು ಬಂದ.

ಮಂಗಳವಾರ ಮಲ್ಲಿಗಾ ಫೋನಿನಲ್ಲಿ ವಿಶ್ವಕೋಶದವರ ಉತ್ತರ ಓದಿ ಹೇಳಿದಳು. ಒಂದೇ ಜಾಗದಿಂದ, ಒಂದೇ ಕಂಪ್ಯೂಟರಿನಿಂದ, ಒಂದೇ ದಿನ, ಹಿಂದೆಂದೂ ಬರೆಯದ ಮೂವತ್ತೊಂದು ಜನ ಬಂದಿದ್ದಾರೆ. ಇದು ಒಬ್ಬನೇ ವ್ಯಕ್ತಿ ಹಲವು ಹೆಸರಿನಲ್ಲಿ ಬರೆದದ್ದಿರಬೇಕು. ಇವನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು. ದೊರೈಸಾಮಿ ಕಣದಲ್ಲಿ ಶತಪಥ ಹಾಕಿದ. "ಮೂವತ್ತೊಂದು ಆಳು ಒಬ್ಬನೇ ಅಂತೆ! ಸೆಲ್ಲಪ್ಪನ್ ಹೊಟ್ಟೆ ನೋಡಿದ್ರೆ ಅವನೊಬ್ಬನೇ ಇಬ್ಬರು ಅನ್ನಬೋದು!" ಎಂದು ಹೆಂಡತಿಯ ಮುಂದೆ ಕೂಗಾಡಿದ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ಬಂದು ನೋಡಲಿ ಎಂದ. ಶೆಡ್ಡಿನಿಂದ ಇಪ್ಪತ್ತೆಂಟು ಮಕ್ಕಳು ಕಾಗುಣಿತ ಹೇಳುವ ಸದ್ದು ಬೀದಿಗೆ ಕೇಳುತ್ತಿತ್ತು.

ಬುಧವಾರ ಸಂಜೆ ಮಹೇಶ ಬಂದ. ಅವನು ಬಯ್ಯಲಿಲ್ಲ, ಆದರೆ ತಲೆಯ ಮೇಲೆ ಕೈ ಹೊತ್ತು ಕೂತ.

"ಅಣ್ಣ, ಅಲ್ಲಿ ತಲೆ ಎಣಿಸೋದಿಲ್ಲ. ಶಿಬಿರ ಇದೆಯೋ ಇಲ್ವೋ ಅನ್ನೋದೂ ಅಲ್ಲ ಅವರ ಪ್ರಶ್ನೆ. ನಮಗೆ ಸಂಬಂಧ ಇಲ್ಲದ ಯಾರಾದ್ರೂ, ಪೇಪರಿನವರೋ ಪುಸ್ತಕ ಬರೆಯೋರೋ, ಇದರ ಬಗ್ಗೆ ಅಚ್ಚಿನಲ್ಲಿ ಬರೆದಿದ್ದಾರಾ ಅಂತ ಕೇಳ್ತಾರೆ. ನಮ್ಮ ಮಾತು ನಾವೇ ಆಡಿದ್ರೆ ನಡೆಯಲ್ಲ. ತಮಿಳು ಪೇಪರ್ ಆದ್ರೂ ಸರಿ. ಒಂದು ಸಣ್ಣ ಸುದ್ದಿ ಇದ್ರೂ ನಾನು ವಾದ ಮಾಡ್ತೀನಿ. ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ರಿಪೋರ್ಟರೂ ಬರಲಿಲ್ವಾ?"

ಲಕ್ಷ್ಮಿಯಮ್ಮಾಳ್ ಗಂಡನ ಮುಖ ನೋಡಿದಳು, ಎದ್ದು ಒಳಗೆ ಹೋದಳು.

ಬಂದಿದ್ದ. ಹನ್ನೊಂದು ವರ್ಷದ ಹಿಂದೆ, ೧೯೯೭ರ ಮೇ ತಿಂಗಳಲ್ಲಿ, ಒಂದು ತಮಿಳು ಪತ್ರಿಕೆಯವನು ಕ್ಯಾಮೆರಾ ಹಾಕಿಕೊಂಡು ಬಂದಿದ್ದ. ಶಿಬಿರದ ವಿಷಯ ಯಾರಿಂದಲೋ ಕೇಳಿ, ಮಧ್ಯಾಹ್ನ ಬರುತ್ತೇನೆಂದು ಲೀಲಮ್ಮನಿಗೆ ಮೊದಲೇ ಹೇಳಿ ಕಳಿಸಿದ್ದ. ಆದರೆ ಅದಕ್ಕೆ ನಾಲ್ಕು ದಿನ ಮುಂಚೆ ಬಾವಿಯ ಮೆಟ್ಟಿಲಲ್ಲಿ ಒಂದು ಹುಡುಗಿ ಜಾರಿ ಕೈ ಮುರಿದುಕೊಂಡಿದ್ದಳು. ಆ ವರ್ಷ ಮಕ್ಕಳು ಎಂದಿಲ್ಲದಷ್ಟು, ನಲವತ್ತು ಜನ ಬಂದಿದ್ದರು. ದಿಷ್ಟಿ ತಗುಲಿದೆ ಎಂದು ಲಕ್ಷ್ಮಿಯಮ್ಮಾಳ್ ಮೂರು ಸಂಜೆ ಮೆಣಸಿನಕಾಯಿ ನಿವಾಳಿಸಿದ್ದಳು. ಚೆನ್ನಾಗಿ ನಡೆಯುವುದನ್ನು ನಾಲ್ಕು ಜನರ ಕಣ್ಣಿಗೆ ಹಾಕಬಾರದು. ಬೆಳೆದ ಬೆಳೆಗೂ ಬೆಳೆವ ಮಕ್ಕಳಿಗೂ ಬೆದರುಬೊಂಬೆ ಬೇಕು ಎಂಬುದು ಅವರ ಮನೆಯ ನಂಬಿಕೆ. ಫೋಟೋ ಪೇಪರಿನಲ್ಲಿ ಬಂದರೆ ಇಡೀ ಜಿಲ್ಲೆಯ ಕಣ್ಣು ಬೀಳುತ್ತದೆ. ದೊರೈಸಾಮಿ ತೋಟದ ಗೇಟಿನಲ್ಲೇ ರಿಪೋರ್ಟರನನ್ನು ಹಿಡಿದ. ಎರಡು ಎಳನೀರು ಕುಡಿಸಿದ. ಆಮೇಲೆ ತಣ್ಣಗೆ ಹೇಳಿದ: "ಇಲ್ಲಿ ಕ್ಯಾಂಪೂ ಇಲ್ಲ ಒಂದೂ ಇಲ್ಲೀಂಗ. ರಜೆಗೆ ಸಂಬಂಧಿಕರ ಮಕ್ಕಳು ಬಂದವ್ರೆ, ಅಷ್ಟೇ."

ರಿಪೋರ್ಟರ್ ಹೊರಟುಹೋದ. ಟೀಚರಿಗೆ ದೊರೈಸಾಮಿ, "ಬರಲಿಲ್ಲ ಕಾಣುತ್ತೆ," ಎಂದು ಹೇಳಿದ. ಇಲ್ಲಿ ಕ್ಯಾಂಪಿಲ್ಲ ಎಂದು ತಾನಾಡಿದ ಮಾತು ಅವನಿಗೆ ಮರೆತೇ ಹೋಗಿತ್ತು. ಈಗ ಎಲ್ಲೋ ಕೂತ ಅಪರಿಚಿತರು ಅದೇ ಮಾತನ್ನು ಅವನಿಗೇ ತಿರುಗಿಸಿ ಹೇಳುತ್ತಿದ್ದರು. ಮಾಡಿದ್ದುಣ್ಣೋ ಮಹಾರಾಯ!

ಮಹೇಶ ತನ್ನ ಕೈಲಾದದ್ದು ಮಾಡಿದ. ಆ ಮೂವತ್ತೊಂದು ಜನ ನಿಜವಾದ ಮನುಷ್ಯರೇ ಎಂದು ವಿವರಿಸಿ ಬರೆದ. ಫಲಕ ಹಾಕಿದವರು ಸಜ್ಜನರೇ ಇರಬೇಕು. ಅನುಮಾನಿಸಿದ್ದಕ್ಕೆ ಕ್ಷಮೆ ಕೇಳಿದರು, ಶಿಬಿರಕ್ಕೆ ಒಳ್ಳೆಯದಾಗಲಿ ಎಂದು ಹಾರೈಸಿದರು, ಆದರೆ ಸ್ವತಂತ್ರ ಆಧಾರ ಇಲ್ಲದ್ದರಿಂದ ಪುಟ ಇಡಲಾಗದು ಎಂದರು. ಶುಕ್ರವಾರ ಪುಟ ಅಳಿಸಿಹೋಯಿತು. ಮಹೇಶ ಅಷ್ಟರಲ್ಲಿ ಚರ್ಚೆಯನ್ನೆಲ್ಲ ಪ್ರಿಂಟು ತೆಗೆದಿಟ್ಟಿದ್ದ. ಅದನ್ನು ಯಾಕೆ ತೆಗೆದೆನೆಂದು ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಮಕ್ಕಳು ಕಣ ಗುಡಿಸಿ, ಶೆಡ್ಡಿನ ಕಂಬಗಳಿಗೆ ಮಾವಿನ ತೋರಣ ಕಟ್ಟುತ್ತಿದ್ದರು. ಲೀಲಮ್ಮ ಬೆಂಚಿನ ಮೇಲೆ ಕಾಲು ನೀಡಿ ಕೂತಿದ್ದರು. ದೊರೈಸಾಮಿ ಆ ಕಾಗದಗಳನ್ನು ಹಿಡಿದು ಅವರ ಮುಂದೆ ನಿಂತ. ಹೆಗಲ ಮೇಲಿನ ಟವೆಲ್ಲು ತೆಗೆದು ಕಂಕುಳಿಗೆ ಸೇರಿಸಿದ. ಪುಟದ ಕಥೆ, ಮೂವತ್ತೊಂದು ಸಾಕ್ಷಿಯ ಕಥೆ ಹೇಳಿದ. ಕೊನೆಗೆ ರಿಪೋರ್ಟರನ ಕಥೆಯನ್ನೂ ಹೇಳಿದ. ಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಆದರೆ ಹೇಳದೆ ಇರುವುದು ಅವನಿಂದಾಗಲಿಲ್ಲ.

"ಅವತ್ತು ನಾನು ರೇಷ್ಮೆ ಸೀರೆ ಉಟ್ಕೊಂಡು ಬಂದಿದ್ದೆ," ಎಂದರು ಲೀಲಮ್ಮ. "ಮೇ ತಿಂಗಳ ಸೆಕೆಯಲ್ಲಿ. ನೆನಪಿದೆಯಾ?"

ಅವನಿಗೆ ನೆನಪಿತ್ತು. ಐದು ಗಂಟೆಯ ತನಕ ಅವರು ಪಾಠದ ಮಧ್ಯೆ ಮಧ್ಯೆ ರಸ್ತೆ ನೋಡಿದ್ದೂ ನೆನಪಿತ್ತು.

"ಎನ್ನ ಮನ್ನಿಸಿಬಿಡಿ ಟೀಚರಮ್ಮ. ಮಕ್ಕಳಿಗೆ ಏನಾದ್ರೂ ಆದ್ರೆ ಅಂತ ಬಯ ಬಿತ್ತು."

"ಬೇಜಾರಾಯ್ತು ದೊರೈಸಾಮಿ. ಇಲ್ಲ ಅಂತ ಸುಳ್ಳು ಹೇಳಲ್ಲ," ಎಂದರು. ಆಮೇಲೆ ಕೈ ಚಾಚಿದರು. "ಆ ಕಾಗದ ಕೊಡಿ ಇಲ್ಲಿ."

ಕನ್ನಡಕ ಹಾಕಿಕೊಂಡು ಒಂದೊಂದಾಗಿ ಓದಿದರು. ಸೆಲ್ಲಪ್ಪನ್ ಊಟದ ಸಾಲಿಗೆ ಬಂದಾಗ ಗಟ್ಟಿಯಾಗಿ ನಕ್ಕು, "ಲಕ್ಷ್ಮಿಯಮ್ಮ, ನಿಮಗೆ ಸರ್ಟಿಫಿಕೇಟು ಬಂದಿದೆ," ಎಂದು ಅಡುಗೆಮನೆಯತ್ತ ಕೂಗಿದರು. ಶಿವಗಾಮಿಯ ಸಾಲುಗಳಿಗೆ ಬಂದಾಗ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು, ಕಣ್ಣನ್ನೂ ಒರೆಸಿಕೊಂಡರು. ಮತ್ತೆ ಮೊದಲಿನಿಂದ ಓದಿದರು.

"ವಿಶ್ವಕೋಶದವರು ಮಾಡಿದ್ದು ತಪ್ಪಲ್ಲ. ಅದಕ್ಕೊಂದು ಕಟ್ಟಳೆ ಬೇಕಲ್ಲ. ಅವರ ಜಾಗದಲ್ಲಿ ನಾನಿದ್ರೂ ಅಳಿಸ್ತಿದ್ದೆ," ಎಂದರು. ಮತ್ತೆ ಹಾಳೆಗಳನ್ನು ತಿರುವಿ ನೋಡಿ ಕೇಳಿದರು, "ಇದರಲ್ಲಿ ನಿಮ್ಮದೆಲ್ಲಿ?"

"ನಂದು ಇಲ್ಲೀಂಗ. ಊರು ಕೂಡಿಸಿದವನು ಸಾಕ್ಷಿ ಹೇಳಬಾರದು. ಅದು ನಮ್ಮ ಕಡೆ ಮುರೈ, ಕಟ್ಟಳೆ."

"ಅದು ಅವರಿಗಾಯ್ತು. ನನಗೆ?"

ಲೀಲಮ್ಮ ಬೆಂಚಿನ ಮೇಲಿದ್ದ ಸೀಮೆಸುಣ್ಣ ತೆಗೆದು ಅವನ ಕೈಗಿಟ್ಟರು.

ಇಪ್ಪತ್ತೆರಡು ವರ್ಷದಲ್ಲಿ ಶೆಡ್ಡಿನ ಬೋರ್ಡನ್ನು ಅವನು ಎಷ್ಟೋ ಸಲ ಒರೆಸಿದ್ದ, ಎರಡು ಸಲ ಕಪ್ಪು ಬಣ್ಣ ಹೊಡೆದಿದ್ದ. ಅದರ ಮೇಲೆ ಬರೆದಿರಲಿಲ್ಲ. ತೋರಣ ಕಟ್ಟುತ್ತಿದ್ದ ಮಕ್ಕಳು ಕೆಲಸ ಬಿಟ್ಟು ಬಂದು ನೆಲದ ಮೇಲೆ ಕೂತರು. ಅವನು ಬರೆಯತೊಡಗಿದ. ಮೊದಲ ಸಾಲು ಏರುತ್ತ ಹೋಯಿತು, ಎರಡನೆಯದು ಇಳಿಯುತ್ತ ಬಂತು. ಒಂದು ಕಡೆ ನಿಂತು ಯೋಚಿಸಿದ, ಯಾರೂ ಹೇಳಿಕೊಡಲಿಲ್ಲ. ಬೋರ್ಡಿನ ಮೇಲೆ ಏನೇ ಬರೆದರೂ ಗಟ್ಟಿಯಾಗಿ ಓದಬೇಕೆಂಬ ರೂಢಿ ಮಕ್ಕಳಿಗಿತ್ತು, ಅವನು ಸರಿದು ನಿಂತದ್ದೇ ತಡ ಇಪ್ಪತ್ತೆಂಟೂ ಒಟ್ಟಿಗೆ ಓದಿದವು:

"ಇಲ್ಲಿ ಶಿಬಿರ ಇಲ್ಲ ಎಂದು ಹೇಳಿದವನು ನಾನು. ಅದು ಸುಳ್ಳು. ಇಲ್ಲಿ ಶಿಬಿರ ಇದೆ. ಲೀಲಮ್ಮ ಟೀಚರು ನನಗೆ ಅಕ್ಷರ ಕೊಟ್ಟರು. ನನ್ನ ಮನೆಗೆ ಬಂದು ಕೊಟ್ಟರು. ದೊರೈಸಾಮಿ."

ತನ್ನ ತಪ್ಪನ್ನು ಇಪ್ಪತ್ತೆಂಟು ಬಾಯಲ್ಲಿ ಕೇಳಿ ಅವನಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಎದೆ ಹಗುರಾಗಿತ್ತು, ಕಣ್ಣಲ್ಲಿ ನೀರಿತ್ತು, ಅದನ್ನು ಅವನು ಮುಚ್ಚಿಡಲೂ ಇಲ್ಲ.

"ಇದನ್ನೇ ಒಂದು ಹಾಳೆಯಲ್ಲಿ ಬರೆದುಕೊಡಿ," ಎಂದರು ಲೀಲಮ್ಮ.

ಒಳಗಿನಿಂದ ಪಾಯಸದ ವಾಸನೆ ಬರುತ್ತಿತ್ತು, ಮಕ್ಕಳಿಗೆ ಹಸಿವು. ಆದರೂ ಯಾರೂ ಎದ್ದು ಹೋಗಲಿಲ್ಲ. ದೊರೈಸಾಮಿ ಬೆಂಚಿನ ತುದಿಯಲ್ಲಿ ಕೂತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು, ಬೋರ್ಡು ನೋಡಿ ನೋಡಿ ಮತ್ತೊಮ್ಮೆ ಬರೆದ. ಅರ್ಧ ಗಂಟೆ ಹಿಡಿಯಿತು. ಬರೆದದ್ದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಲೀಲಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡು, ಓದಿ, ನಾಲ್ಕು ಮಡಿಕೆ ಮಾಡಿ ತಮ್ಮ ಕೈಚೀಲದೊಳಗೆ ಇಟ್ಟುಕೊಂಡರು. ಇದೊಂದನ್ನು ಶಿಬಿರಕ್ಕೆ ಕೊಡಲಿಲ್ಲ.